ಹಳೆಯ ಬುಷ್‌ಗಳನ್ನು ಎಸೆಯುವ ಮುನ್ನ

ಬ್ರೇಕ್ ಒತ್ತಿದಾಗ ಒಂದು ‘ಟಕ್’, ಬ್ರೇಕ್ ಬಿಟ್ಟು ಮತ್ತೆ ವೇಗ ಕೊಟ್ಟಾಗ ಇನ್ನೊಂದು ‘ಟಕ್’. ನನ್ನ ಹಾಟ್ ರಾಡ್ ಬಹಳ ತಿಂಗಳುಗಳಿಂದ ಹೀಗೆ ದೂರು ಹೇಳುತ್ತಿತ್ತು, ನಾನು ಕೇಳಿಯೂ ಕೇಳದವನಂತೆ ಓಡಿಸುತ್ತಿದ್ದೆ. ಪಕ್ಕದ ತಗಡುಗಳಿಲ್ಲದೆ ಬಯಲಿಗೆ ತೆರೆದುಕೊಂಡ ಎಂಜಿನ್, ಕಾಲಿನ ಕೆಳಗೇ ಹಾದುಹೋಗುವ ಎಕ್ಸಾಸ್ಟ್ ಕೊಳವೆ, ಇವೆರಡರ ಗದ್ದಲದ ನಡುವೆ ಒಂದು ಸಣ್ಣ ಸದ್ದನ್ನು ಮರೆಯುವುದು ಕಷ್ಟವೇನಲ್ಲ. ಆದರೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೀರಿಂಗ್ ಹಗುರವಾಗಿ, ಗಾಡಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಮೂಗು ತಿರುಗಿಸತೊಡಗಿದ ಮೇಲೆ ಮರೆಯುವ ಮಾತೇ ಉಳಿಯಲಿಲ್ಲ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಏರಿಸಿ, ಸಸ್ಪೆನ್ಷನ್ನಿನ ಕೀಲುಗಳಲ್ಲಿ ಕೂರುವ ಮೆತ್ತೆಗಳಾದ ಬುಷ್‌ಗಳನ್ನು ಬದಲಾಯಿಸುವ ಕೆಲಸಕ್ಕೆ ಕೂತೆ.

ಗಾಡಿಯ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಹಾಟ್ ರಾಡ್ ಎಂದರೆ ಒಂದು ಮಾದರಿಯಲ್ಲ, ಒಂದು ಪದ್ಧತಿ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಫೋರ್ಡ್‌ಗಳ ಭಾರ ಕಳೆದು, ಎಂಜಿನ್ನಿಗೆ ಬಲ ತುಂಬಿ, ಒಣಗಿದ ಸರೋವರಗಳ ಸಪಾಟು ನೆಲದಲ್ಲಿ ವೇಗ ಅಳೆಯುತ್ತಿದ್ದ ಹುಡುಗರು ಬೆಳೆಸಿದ ಪದ್ಧತಿ ಅದು. ಆ ಓಟಗಳನ್ನು ನಡೆಸಲು ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿದ್ದು 1937ರಲ್ಲಿ. ಅಂದಿನಿಂದ ಇಂದಿನವರೆಗೂ ಒಬ್ಬರ ಗಾಡಿಯಂತೆ ಇನ್ನೊಬ್ಬರದು ಇಲ್ಲ. ನನ್ನದು 1932ರ ಫೋರ್ಡ್ ರೋಡ್‌ಸ್ಟರ್ ಆಕಾರದ ದೇಹ ಹೊತ್ತ, ಹೊಸದಾಗಿ ಕಟ್ಟಿದ ಚಾಸಿಸ್. ಮುಂದೆ ನಡುಭಾಗ ತಗ್ಗಿಸಿದ ಐ-ಬೀಮ್ ಆಕ್ಸಲ್, ಅದರ ಮೇಲೆ ಅಡ್ಡಲಾಗಿ ಕೂತ ಒಂದೇ ಒಂದು ಲೀಫ್ ಸ್ಪ್ರಿಂಗ್, ಆಕ್ಸಲನ್ನು ಹಿಡಿದು ನಿಲ್ಲಿಸುವ ನಾಲ್ಕು ದಂಡಗಳು, ಪಕ್ಕಕ್ಕೆ ಸರಿಯದಂತೆ ತಡೆಯುವ ಒಂದು ಪ್ಯಾನ್‌ಹಾರ್ಡ್ ದಂಡ. ಹಿಂದೆಯೂ ನಾಲ್ಕು ದಂಡ, ಒಂದು ಪ್ಯಾನ್‌ಹಾರ್ಡ್, ಲೀಫ್ ಸ್ಪ್ರಿಂಗಿನ ಬದಲು ಕಾಯಿಲ್‌ಓವರ್, ಅಂದರೆ ಸುರುಳಿ ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್. ಎಣಿಸಿದರೆ ದಂಡಗಳ ತುದಿಯಲ್ಲಿ ಬೋಲ್ಟ್ ಹಿಡಿಯುವ ಕಣ್ಣುಗಳೇ ಇಪ್ಪತ್ತು. ಪ್ರತಿ ಕಣ್ಣಿನಲ್ಲೂ ಒಂದು ಬುಷ್. ಇದಲ್ಲದೆ ಸ್ಪ್ರಿಂಗಿನ ಶ್ಯಾಕಲ್‌ಗಳಲ್ಲಿ, ಕಾಯಿಲ್‌ಓವರ್‌ಗಳ ತುದಿಗಳಲ್ಲಿ ಇನ್ನಷ್ಟು.

ಕಾರ್ಖಾನೆಯಿಂದ ಬಂದ ಕಾರಿಗಾದರೆ ಕೈಪಿಡಿ ಇರುತ್ತದೆ, ಬಿಡಿಭಾಗಕ್ಕೆ ಸಂಖ್ಯೆ ಇರುತ್ತದೆ, ಸಂಖ್ಯೆ ಹೇಳಿದರೆ ಬುಷ್ ಬರುತ್ತದೆ. ಈ ಗಾಡಿಗೆ ಅವೆರಡೂ ಇಲ್ಲ. ಇದನ್ನು ಮೊದಲು ಕಟ್ಟಿದವರು ಯಾವ ಭಾಗವನ್ನು ಎಲ್ಲಿಂದ ತಂದರು, ಯಾವುದನ್ನು ಬದಲಿಸಿದರು ಎಂಬುದಕ್ಕೆ ಬರಹದ ದಾಖಲೆ ಇಲ್ಲ. ಇರುವ ಒಂದೇ ದಾಖಲೆ ಗಾಡಿಯೇ. ಹಾಗಾಗಿ ಸವೆದ ಬುಷ್ಷನ್ನು ಕಿತ್ತ ಕೂಡಲೇ ಕಸಕ್ಕೆ ಹಾಕುವುದೆಂದರೆ ಓದದೆಯೇ ಕಾಗದ ಹರಿದಂತೆ. ಈ ಬರಹದಲ್ಲಿ ಬುಷ್ ಹಾಕುವುದಕ್ಕಿಂತ ಹೆಚ್ಚು ಜಾಗವನ್ನು ಅದನ್ನು ಓದುವುದಕ್ಕೆ ಕೊಟ್ಟಿದ್ದೇನೆ. ಹಾಗೆ ಓದಿಯೂ ನಾನು ಒಂದು ಕಡೆ ಎಡವಿದ್ದನ್ನು ಮುಂದೆ ಹೇಳುತ್ತೇನೆ.

ಬುಷ್ ಎಂದರೆ ಮೂಲತಃ ಮೂರು ಪದರ: ದಂಡದ ಕಣ್ಣಿಗೆ ಬಿಗಿಯಾಗಿ ಕೂರುವ ಹೊರಗಿನ ಭಾಗ, ಬೋಲ್ಟ್ ತೂರುವ ಒಳಗಿನ ಉಕ್ಕಿನ ಸ್ಲೀವ್, ಇವೆರಡರ ನಡುವೆ ರಬ್ಬರ್ ಅಥವಾ ಪಾಲಿಯುರೆಥೇನ್. ನೋಡಲು ಒಂದೇ ತೆರನಾದರೂ ಈ ಎರಡು ಜಾತಿಗಳು ಕೆಲಸ ಮಾಡುವ ಬಗೆ ಬೇರೆ. ರಬ್ಬರ್ ಬುಷ್‌ನಲ್ಲಿ ರಬ್ಬರು ಒಳಸ್ಲೀವಿಗೂ ಹೊರಕವಚಕ್ಕೂ ಅಂಟಿಕೊಂಡಿರುತ್ತದೆ. ದಂಡ ಮೇಲೆ ಕೆಳಗೆ ಆಡಿದಾಗ ಯಾವುದೂ ಜಾರುವುದಿಲ್ಲ, ರಬ್ಬರೇ ತಿರುಚಿಕೊಂಡು ಮರಳುತ್ತದೆ. ಯುರೆಥೇನ್ ಬುಷ್ ಯಾವುದಕ್ಕೂ ಅಂಟಿರುವುದಿಲ್ಲ. ಅದು ಸ್ಲೀವಿನ ಸುತ್ತ ಜಾರುತ್ತದೆ, ಆದ್ದರಿಂದ ಅದಕ್ಕೆ ಗ್ರೀಸ್ ಬೇಕು. ಈ ಒಂದು ವ್ಯತ್ಯಾಸ ತಲೆಯಲ್ಲಿದ್ದರೆ ಮುಂದಿನ ಅರ್ಧ ತಪ್ಪುಗಳು ತಪ್ಪುತ್ತವೆ. ಎರಡಕ್ಕೂ ಸಮಾನವಾದ ನಿಯಮವೂ ಒಂದಿದೆ: ಬೋಲ್ಟ್ ಬಿಗಿಗೊಳಿಸಿದಾಗ ಬ್ರಾಕೆಟ್ಟಿನ ಎರಡು ಕಿವಿಗಳ ನಡುವೆ ಉಕ್ಕಿನ ಸ್ಲೀವ್ ಅಲುಗದಂತೆ ಸೆರೆಯಾಗಬೇಕು. ಚಲನೆ ನಡೆಯಬೇಕಾದದ್ದು ರಬ್ಬರಿನಲ್ಲಿ ಅಥವಾ ಯುರೆಥೇನಿನಲ್ಲಿ, ಬೋಲ್ಟಿನಲ್ಲಿ ಎಂದಿಗೂ ಅಲ್ಲ.

ಪರೀಕ್ಷೆಯನ್ನು ಮುಂಭಾಗದಿಂದ ಆರಂಭಿಸಿದೆ. ಚಕ್ರಗಳು ನೆಲದ ಮೇಲಿರುವಾಗಲೇ ಸ್ನೇಹಿತನೊಬ್ಬನನ್ನು ಸೀಟಿನಲ್ಲಿ ಕೂರಿಸಿ, ಬ್ರೇಕ್ ಒತ್ತಿಸಿ, ಗಾಡಿಯನ್ನು ಹಿಂದಿನಿಂದ ಮತ್ತೊಬ್ಬರು ಮುಂದಕ್ಕೂ ಹಿಂದಕ್ಕೂ ತೂಗುತ್ತಿರಲು, ನಾನು ಪಕ್ಕದಲ್ಲಿ ಮಲಗಿ ಟಾರ್ಚ್ ಹಿಡಿದು ನೋಡಿದೆ. ಆಕ್ಸಲ್ ತನ್ನ ಬ್ರಾಕೆಟ್ಟಿನ ಸಮೇತ ಬೆಕ್ಕು ಮೈಮುರಿದಂತೆ ಹೊರಳುತ್ತಿತ್ತು: ಮೇಲ್ಭಾಗ ಮುಂದಕ್ಕೆ, ಕೆಳಭಾಗ ಹಿಂದಕ್ಕೆ, ಮತ್ತೆ ಸ್ವಸ್ಥಾನಕ್ಕೆ. ಕಣ್ಣಿಗೆ ಕಾಣುವಷ್ಟು ಆಟ ಇದ್ದ ಮೇಲೆ ಪ್ರೈಬಾರ್ ಬೇಕಿರಲಿಲ್ಲ. ಆದರೂ ಒಂದೊಂದು ಕಣ್ಣಿಗೂ ಬಾರ್ ತೂರಿಸಿ ಮೀಟಿ ನೋಡಿದೆ. ಮುಂದಿನ ಎಂಟು ಕಣ್ಣುಗಳಲ್ಲಿ ಆರು ಸಡಿಲ. ಪ್ಯಾನ್‌ಹಾರ್ಡ್ ದಂಡದ ರಬ್ಬರು ಸುತ್ತಲೂ ಬಿರುಕು ಬಿಟ್ಟು ಒಂದು ಬದಿ ಹರಿದೇ ಹೋಗಿತ್ತು. ಹಿಂದಿನ ದಂಡಗಳಲ್ಲಿ ಬಾರ್ ಹಾಕಿ ಮೀಟಿದರೆ ಏನೂ ಅಲುಗಲಿಲ್ಲ. ಹಿಂಭಾಗ ಚೆನ್ನಾಗಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡು, ಹಿಂದಿನ ನಾಲ್ಕು ದಂಡಗಳನ್ನು ಹಾಗೆಯೇ ಬಿಟ್ಟೆ. ಆ ಸಾಲಿಗೆ ಈಗ ಕೆಂಪು ಗೆರೆ ಎಳೆದಿದ್ದೇನೆ.

ಆಕ್ಸಲ್ ಏಕೆ ಹಾಗೆ ಹೊರಳುತ್ತದೆ ಎಂಬುದನ್ನು ವಿವರವಾಗಿ ನೋಡುವುದು ಒಳ್ಳೆಯದು. ಬ್ರೇಕ್ ಕ್ಯಾಲಿಪರ್ ಆಕ್ಸಲಿಗೆ ಜೋಡಿಸಿದ್ದು. ಓಡುವ ಡಿಸ್ಕನ್ನು ಅದು ಕಚ್ಚಿದಾಗ ಡಿಸ್ಕ್ ಆಕ್ಸಲನ್ನೂ ತನ್ನ ಜೊತೆ ಸುತ್ತಿಸಲು ಎಳೆಯುತ್ತದೆ, ಅಂದರೆ ಆಕ್ಸಲಿನ ತಲೆ ಮುಂದಕ್ಕೆ ಬಾಗುತ್ತದೆ. ಇದನ್ನು ತಡೆಯಲು ಮೇಲಿನ ದಂಡ ಎಳೆತವನ್ನೂ ಕೆಳಗಿನ ದಂಡ ಒತ್ತಡವನ್ನೂ ಸಹಿಸಬೇಕು. ಕಣ್ಣುಗಳು ಆಕ್ಸಲಿನ ಮೇಲೆ 75 ಮಿ.ಮೀ., ಕೆಳಗೆ 75 ಮಿ.ಮೀ. ದೂರದಲ್ಲಿದ್ದು ಚಕ್ರದ ತ್ರಿಜ್ಯ 330 ಮಿ.ಮೀ. ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ, ಕೆಳಗಿನ ದಂಡಗಳ ಮೇಲೆ ಬೀಳುವ ಒತ್ತಡ ಟೈರು ನೆಲದಿಂದ ಪಡೆಯುವ ಬ್ರೇಕ್ ಬಲದ ಎರಡೂವರೆ ಪಟ್ಟಿಗಿಂತ ಹೆಚ್ಚು, ಮೇಲಿನ ದಂಡಗಳ ಎಳೆತ ಒಂದೂವರೆ ಪಟ್ಟಿಗಿಂತ ಹೆಚ್ಚು. ಇಷ್ಟು ಭಾರವೆಲ್ಲ ಹೆಬ್ಬೆರಳಿನಷ್ಟು ದಪ್ಪದ ಬುಷ್‌ಗಳ ಮೂಲಕವೇ ಹಾದುಹೋಗಬೇಕು. ಈಗ ಪ್ರತಿ ಕಣ್ಣಿನಲ್ಲೂ ಬರೀ 1 ಮಿ.ಮೀ. ಆಟ ಇದೆ ಎನ್ನೋಣ. ಮೇಲಿನ ದಂಡದ ಎರಡು ತುದಿಗಳಿಂದ 2 ಮಿ.ಮೀ., ಕೆಳಗಿನದರಿಂದ 2 ಮಿ.ಮೀ. ಸೇರಿ, 150 ಮಿ.ಮೀ. ಅಂತರದಲ್ಲಿ ಒಟ್ಟು 4 ಮಿ.ಮೀ. ಹೊರಳು. ಕೋನದಲ್ಲಿ ಹೇಳುವುದಾದರೆ ಸುಮಾರು ಒಂದೂವರೆ ಡಿಗ್ರಿ. ಗಾಡಿಯನ್ನು ನೇರವಾಗಿ ಓಡಿಸುವ ಕ್ಯಾಸ್ಟರ್ ಕೋನ, ಅಂದರೆ ಸ್ಟೀರಿಂಗ್ ತಿರುಗುವ ಅಕ್ಷದ ತಲೆ ಹಿಂದಕ್ಕೆ ವಾಲಿರುವ ಕೋನ, ಇಂಥ ಆಕ್ಸಲ್‌ಗಳಲ್ಲಿ ಸಾಮಾನ್ಯವಾಗಿ 5ರಿಂದ 7 ಡಿಗ್ರಿ ಇರುತ್ತದೆ. ಅದರಲ್ಲಿ ಒಂದೂವರೆ ಡಿಗ್ರಿ ಬ್ರೇಕ್ ಒತ್ತಿದ ಕ್ಷಣದಲ್ಲೇ ಮಾಯವಾದರೆ ಸ್ಟೀರಿಂಗ್ ಹಗುರವಾಗದೆ ಇನ್ನೇನಾದೀತು?

ಬಿಚ್ಚುವಾಗ ನಾನು ಪಾಲಿಸಿದ ಕ್ರಮ ಸರಳ: ಒಂದು ಸಲಕ್ಕೆ ಒಂದೇ ದಂಡ. ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಚಾಸಿಸ್ಸಿನ ಕೆಳಗೆ ಎರಡು ಸ್ಟ್ಯಾಂಡ್, ಆಕ್ಸಲಿನ ಕೆಳಗೆ ಇನ್ನೆರಡು ಸ್ಟ್ಯಾಂಡ್ ಇಟ್ಟು, ಆಕ್ಸಲ್ ಹೆಚ್ಚು ಕಡಿಮೆ ಗಾಡಿ ನಿಂತ ಎತ್ತರದಲ್ಲೇ ಇರುವಂತೆ ನೋಡಿಕೊಂಡೆ. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜಾಕ್ ಎತ್ತುವುದಕ್ಕೆ, ಸ್ಟ್ಯಾಂಡ್ ಹೊರುವುದಕ್ಕೆ. ಎಂಟು ದಂಡಗಳನ್ನೂ ಒಟ್ಟಿಗೆ ಕಿತ್ತು ಮೇಜಿನ ಮೇಲೆ ಸಾಲಾಗಿ ಜೋಡಿಸುವುದು ಚಿತ್ರ ತೆಗೆಯಲು ಚೆನ್ನ, ಆದರೆ ಆಮೇಲೆ ಆಕ್ಸಲ್ ಎಲ್ಲಿತ್ತು ಎಂಬುದನ್ನು ಹೇಳುವವರು ಯಾರೂ ಇರುವುದಿಲ್ಲ. ಒಂದೊಂದಾಗಿ ತೆಗೆದರೆ ಉಳಿದ ದಂಡಗಳು ಆಕ್ಸಲನ್ನು ತಮ್ಮ ತಮ್ಮ ಜಾಗದಲ್ಲಿ ಹಿಡಿದಿರುತ್ತವೆ. ತೆಗೆದ ದಂಡದ ಎರಡು ಕಣ್ಣುಗಳ ಮಧ್ಯಬಿಂದುಗಳ ದೂರವನ್ನು ಅಳೆದು, ಬಣ್ಣದ ಪೆನ್ನಿನಲ್ಲಿ ದಂಡದ ಮೇಲೆಯೇ ಬರೆದೆ. ಮುಂದಿನ ಆಕ್ಸಲಿನಲ್ಲಿ ಮೇಲಿನ ದಂಡ, ಕೆಳಗಿನ ದಂಡ ಎರಡರ ಉದ್ದವೂ ಸಮ ಇದ್ದರೆ ಮಾತ್ರ ಚಕ್ರ ಮೇಲೆದ್ದರೂ ಕ್ಯಾಸ್ಟರ್ ಬದಲಾಗದು; ಈ ವ್ಯವಸ್ಥೆಯ ಇಡೀ ಸೊಗಸು ಆ ಸಮಾನಾಂತರ ಚೌಕಟ್ಟಿನಲ್ಲಿದೆ.

ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಈ ಬಿಡಿಭಾಗಗಳ ಹುಟ್ಟು ಅಮೆರಿಕದಲ್ಲಿ, ಆದ್ದರಿಂದ ಅಳತೆ ಇಂಚಿನಲ್ಲಿ. ನನ್ನ ದಂಡಗಳ ಬೋಲ್ಟ್ 5/8 ಇಂಚು, ಅಂದರೆ 15.875 ಮಿ.ಮೀ. ಇದು 16 ಮಿ.ಮೀ.ಗೆ ಎಷ್ಟು ಹತ್ತಿರವೆಂದರೆ ಸ್ಕೇಲಿನಲ್ಲಿ ಅಳೆದವರು ಎರಡನ್ನೂ ಒಂದೇ ಎನ್ನುತ್ತಾರೆ. ಆದರೆ 16 ಮಿ.ಮೀ. ಬೋಲ್ಟ್ ಈ ಸ್ಲೀವಿನೊಳಗೆ ಹೋಗುವುದಿಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಹೋದರೂ ನಿಲ್ಲುವುದಿಲ್ಲ. ವರ್ನಿಯರ್ ಕ್ಯಾಲಿಪರ್ ಹಿಡಿದು ಪ್ರತಿ ಬುಷ್ಷಿನ ಹೊರವ್ಯಾಸ, ಸ್ಲೀವಿನ ಒಳವ್ಯಾಸ, ಸ್ಲೀವಿನ ಉದ್ದ, ಬ್ರಾಕೆಟ್ ಕಿವಿಗಳ ನಡುವಿನ ಅಂತರ, ಈ ನಾಲ್ಕನ್ನೂ ಬರೆದುಕೊಂಡೆ. ಹೊರವ್ಯಾಸವನ್ನು ಹಳೆಯ ಬುಷ್ಷಿನ ಮೇಲೆ ಅಳೆಯದೆ ಖಾಲಿ ಕಣ್ಣಿನ ಒಳಗೆ ಅಳೆಯಬೇಕು, ಏಕೆಂದರೆ ಸವೆದ ಬುಷ್ ತನ್ನ ನಿಜವಾದ ಗಾತ್ರ ಹೇಳದು. ಸ್ಲೀವ್ ಯುರೆಥೇನಿಗಿಂತ ಕೂದಲೆಳೆಯಷ್ಟು ಉದ್ದವಾಗಿರಬೇಕು. ಇಲ್ಲದಿದ್ದರೆ ಬೋಲ್ಟ್ ಬಿಗಿದಾಗ ಕಿವಿಗಳು ಯುರೆಥೇನನ್ನೇ ಹಿಂಡಿ, ದಂಡ ಅಲ್ಲಾಡದಂತೆ ಕಚ್ಚಿಕೊಳ್ಳುತ್ತದೆ.

ಹಳೆಯ ಯುರೆಥೇನ್ ಬುಷ್‌ಗಳು ಎರಡು ತುಂಡಿನವು, ಸ್ಲೀವ್ ತಳ್ಳಿದರೆ ಸಲೀಸಾಗಿ ಬಂದವು. ಪ್ಯಾನ್‌ಹಾರ್ಡ್ ದಂಡದ ರಬ್ಬರಿನವು ಹೊರಕವಚ ತುಕ್ಕು ಹಿಡಿದು ಕಣ್ಣಿಗೆ ಕಚ್ಚಿಕೊಂಡಿದ್ದವು. ಗ್ಯಾಸ್ ಟಾರ್ಚ್ ಹಚ್ಚಿ ರಬ್ಬರು ಸುಡುವುದು ಬಹಳ ಜನ ಮಾಡುವ ಕೆಲಸ. ನಾನು ಮಾಡಲಿಲ್ಲ, ಮಾಡಿ ಎಂದು ಯಾರಿಗೂ ಹೇಳುವುದಿಲ್ಲ. ಆ ಹೊಗೆ ಕೆಟ್ಟದ್ದು, ಯುರೆಥೇನಿನ ಹೊಗೆಯಂತೂ ವಿಷವೇ. ರಬ್ಬರನ್ನು ಸುತ್ತಲೂ ಡ್ರಿಲ್ಲಿನಿಂದ ಕೊರೆದು ನಡುಭಾಗ ತಳ್ಳಿ, ಹ್ಯಾಕ್ಸಾ ಬ್ಲೇಡನ್ನು ಕಣ್ಣಿನೊಳಗೆ ತೂರಿಸಿ ಹೊರಕವಚವನ್ನು ಉದ್ದಕ್ಕೆ ಸೀಳಿದೆ. ಕವಚ ಸೀಳಿದ ಕೂಡಲೇ ಬ್ಲೇಡ್ ನಿಲ್ಲಿಸಬೇಕು. ಒಂದು ಎಳೆತ ಹೆಚ್ಚಾದರೂ ಕಣ್ಣಿಗೇ ಗಾಯ, ಅಲ್ಲಿಂದ ಮುಂದೆ ಬಿರುಕು.

ಇನ್ನು ಓದಿನ ವಿಷಯ. ಕಿತ್ತ ಪ್ರತಿ ಬುಷ್ಷಿಗೂ ಅದು ಯಾವ ದಂಡದ ಯಾವ ತುದಿಯದು, ಯಾವ ಬದಿ ಮೇಲಿತ್ತು ಎಂದು ಗುರುತು ಹಾಕಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಮುಂದಿನ ಆಕ್ಸಲಿನ ಕಡೆಯ ತುದಿಗಳಲ್ಲಿ, ಮೇಲಿನ ದಂಡಗಳ ಬುಷ್‌ಗಳು ದಂಡದಿಂದ ದೂರದ ಬದಿಯಲ್ಲಿ ಸವೆದಿದ್ದವು. ಕೆಳಗಿನವು ದಂಡದ ಕಡೆಯ ಬದಿಯಲ್ಲಿ. ಮೇಲೆ ಎಳೆತ, ಕೆಳಗೆ ಒತ್ತಡ ಎಂದು ಕಾಗದದ ಮೇಲೆ ಮಾಡಿದ ಲೆಕ್ಕವನ್ನೇ ಬುಷ್‌ಗಳು ಮೈಮೇಲೆ ಬರೆದುಕೊಂಡಂತಿತ್ತು. ಕೆಳಗಿನವು ಹೆಚ್ಚು ಸವೆದಿದ್ದವು, ಅದೂ ಲೆಕ್ಕಕ್ಕೆ ಸರಿ. ಇಂಥ ಮೊಟ್ಟೆಯಾಕಾರದ ಸವೆತವನ್ನು ಕಂಡರೆ ಗಾಬರಿ ಬೇಡ. ಅದು ದುಡಿದು ಮುಪ್ಪಾದ ಬುಷ್.

ಎರಡನೆಯ ಬಗೆಯ ಸವೆತ ತುಸು ಸೂಕ್ಷ್ಮ. ಕೆಲವು ಬುಷ್‌ಗಳ ರಂಧ್ರ ನಡುವಿನಲ್ಲಿ ಸರಿಯಾಗಿದ್ದು ಎರಡು ಬಾಯಿಗಳಲ್ಲಿ ತುತ್ತೂರಿಯಂತೆ ಅಗಲಿಸಿತ್ತು. ಒಂದು ಚಕ್ರ ದಿಬ್ಬ ಹತ್ತಿ ಇನ್ನೊಂದು ಕೆಳಗಿದ್ದಾಗ ಆಕ್ಸಲ್ ಓರೆಯಾಗುತ್ತದೆ, ಚಾಸಿಸ್ ಸಪಾಟಾಗಿರುತ್ತದೆ. ದಂಡದ ಒಂದು ಕಣ್ಣು ಓರೆಯಾಗಿ ಇನ್ನೊಂದು ನೆಟ್ಟಗಿರಬೇಕಾದಾಗ ನಡುವಿನ ದಂಡ ತಿರುಚಿಕೊಳ್ಳಲು ಬಯಸುತ್ತದೆ. ಉಕ್ಕು ತಿರುಚಿಕೊಳ್ಳದು, ಆದ್ದರಿಂದ ಬುಷ್ಷಿನ ಅಂಚುಗಳೇ ಆ ಓರೆಯನ್ನು ನುಂಗಬೇಕು. ತುತ್ತೂರಿ ಬಾಯಿ ಎಂದರೆ ಆ ನುಂಗುವಿಕೆಯ ಗುರುತು. ನಾಲ್ಕು ದಂಡದ ವ್ಯವಸ್ಥೆಯಲ್ಲಿ ಇದು ತಪ್ಪಿದ್ದಲ್ಲ. ಆದರೆ ಒಂದೇ ಬಾಯಿ, ಅದೂ ಒಂದೇ ಪಕ್ಕದಲ್ಲಿ ಸವೆದಿದ್ದರೆ ಬ್ರಾಕೆಟ್ ಓರೆಯಾಗಿ ಬೆಸುಗೆಯಾಗಿದೆ ಎಂದು ಅರ್ಥ. ಅದೃಷ್ಟಕ್ಕೆ ನನ್ನಲ್ಲಿ ಅದು ಇರಲಿಲ್ಲ.

ಮೂರನೆಯದು ಪ್ಯಾನ್‌ಹಾರ್ಡಿನ ರಬ್ಬರು. ಅದು ಸುರುಳಿಯಾಗಿ, ಒಂದೇ ದಿಕ್ಕಿಗೆ ಹರಿದಿತ್ತು. ಹಳಸಿದ ರಬ್ಬರು ಎಲ್ಲ ದಿಕ್ಕಿಗೂ ಬಿರುಕು ಬಿಡುತ್ತದೆ. ಒಂದೇ ದಿಕ್ಕಿನ ಸುರುಳಿ ಹರಿತಕ್ಕೆ ಕಾರಣ ಬೇರೆ. ಗಾಡಿಯನ್ನು ಮೇಲೆತ್ತಿ, ಚಕ್ರಗಳು ಜೋತಾಡುತ್ತಿರುವಾಗಲೇ ಯಾರೋ ಬೋಲ್ಟನ್ನು ಕೊನೆಯವರೆಗೂ ಬಿಗಿದಿದ್ದಾರೆ. ರಬ್ಬರು ಅಂಟಿಕೊಂಡದ್ದಲ್ಲವೇ? ಸ್ಲೀವ್ ಆ ಜೋತಾಡುವ ಸ್ಥಿತಿಯಲ್ಲಿ ಸೆರೆಯಾಯಿತು. ಗಾಡಿ ಕೆಳಗಿಳಿದಾಗ ದಂಡ ತನ್ನ ಸಹಜ ಕೋನಕ್ಕೆ ಬಂತು, ರಬ್ಬರು ಅಷ್ಟರಮಟ್ಟಿಗೆ ತಿರುಚಿಕೊಂಡೇ ನಿಂತಿತು. ನಿಂತ ಗಾಡಿಯಲ್ಲೂ ಹಗಲಿರುಳು ಹಿಂಡಿಕೊಂಡಿರುವ ಬುಷ್ ಎಷ್ಟು ದಿನ ಬಾಳೀತು?

ಹೊಸ ಬುಷ್ ಯಾವುದಿರಬೇಕು ಎಂಬ ಚರ್ಚೆಯಲ್ಲಿ ಗಟ್ಟಿಯಾದದ್ದೇ ಒಳ್ಳೆಯದು ಎಂಬ ನಂಬಿಕೆ ಬಲವಾಗಿದೆ. ರಬ್ಬರಿಗಿಂತ ಯುರೆಥೇನ್ ಗಟ್ಟಿ, ಯುರೆಥೇನಿಗಿಂತ ಡೆಲ್ರಿನ್ ಎಂಬ ಪ್ಲಾಸ್ಟಿಕ್ ಗಟ್ಟಿ, ಎಲ್ಲಕ್ಕಿಂತ ಉಕ್ಕಿನ ಗೋಲಾಕಾರದ ರಾಡ್ ಎಂಡ್ ಗಟ್ಟಿ, ಹಾಗಾದರೆ ಅದೇ ಸರಿ ಎಂಬ ತರ್ಕ. ನನಗೆ ಇದು ಒಪ್ಪಿಗೆಯಿಲ್ಲ. ಮೇಲೆ ಹೇಳಿದ ಓರೆಯನ್ನು ಯಾರಾದರೂ ನುಂಗಲೇಬೇಕು. ರಾಡ್ ಎಂಡ್ ತನ್ನ ಗೋಲದಲ್ಲಿ ತಿರುಗಿ ಅದನ್ನು ಸುಲಭವಾಗಿ ನುಂಗುತ್ತದೆ, ನಿಜ. ಆದರೆ ರಸ್ತೆಯ ಪ್ರತಿಯೊಂದು ಕಲ್ಲನ್ನೂ ಚಾಸಿಸ್ಸಿಗೆ ಒಪ್ಪಿಸುತ್ತದೆ, ಧೂಳು ಹೊಕ್ಕರೆ ಬೇಗ ಸಡಿಲವಾಗುತ್ತದೆ. ಡೆಲ್ರಿನ್ ನುಂಗುವುದೂ ಇಲ್ಲ, ತಿರುಗುವುದೂ ಇಲ್ಲ. ನಾಲ್ಕು ದಂಡದ ಕಣ್ಣಿಗೆ ಅದನ್ನು ಹಾಕಿದರೆ ಇಡೀ ಆಕ್ಸಲ್, ಗಾಡಿ ಪಕ್ಕಕ್ಕೆ ವಾಲದಂತೆ ತಡೆಯುವ ಒಂದು ದಪ್ಪ ಆ್ಯಂಟಿ-ರೋಲ್ ಬಾರಿನಂತೆ ವರ್ತಿಸತೊಡಗುತ್ತದೆ, ಬ್ರಾಕೆಟ್ಟಿನ ಬೆಸುಗೆಗಳು ಆ ಹೊರೆ ಹೊರುತ್ತವೆ. ಒಂದೇ ಅಕ್ಷದ ಸುತ್ತ ಮಾತ್ರ ತಿರುಗುವ ಕಂಟ್ರೋಲ್ ಆರ್ಮ್‌ಗಳಿಗೆ ಡೆಲ್ರಿನ್ ಚೆನ್ನಾಗಿ ಒಪ್ಪುತ್ತದೆ. 1974ರಿಂದ 1978ರವರೆಗೆ ಬಂದ ಮಸ್ಟಾಂಗ್ II ಕಾರಿನ ಮುಂಭಾಗದ ವಿನ್ಯಾಸವನ್ನು ಅನುಸರಿಸಿದ ಹಾಟ್ ರಾಡ್‌ಗಳು ಬಹಳ ಇವೆ, ಅವುಗಳಿಗೆ ಆ ಮಾತು ಅನ್ವಯಿಸುತ್ತದೆ. ನಾನು ದಂಡಗಳಿಗೆ ಯುರೆಥೇನ್, ಎರಡು ಪ್ಯಾನ್‌ಹಾರ್ಡ್‌ಗಳಿಗೆ ರಬ್ಬರ್ ಎಂದು ನಿರ್ಧರಿಸಿದೆ. ಮುಂದಿನ ಪ್ಯಾನ್‌ಹಾರ್ಡಿಗೂ ಸ್ವಲ್ಪ ಗಟ್ಟಿಯದು ಹಾಕಬಹುದಿತ್ತು ಎಂದು ಈಗ ಅನ್ನಿಸುವುದುಂಟು.

ಹಾಕುವ ಕೆಲಸ ಬೇಗ ಮುಗಿಯಿತು. ಕಣ್ಣಿನ ಒಳಗೋಡೆಯನ್ನು ಉಜ್ಜುಕಾಗದದಿಂದ ಲೋಹ ಹೊಳೆಯುವವರೆಗೆ ತಿಕ್ಕಿ, ಸಿಲಿಕೋನ್ ಆಧಾರಿತ ದಪ್ಪ ಗ್ರೀಸನ್ನು ಯುರೆಥೇನಿನ ಒಳಗೂ ಹೊರಗೂ ಸವರಿ, ಎರಡು ಅರ್ಧಗಳನ್ನು ಕೈಯಲ್ಲೇ ಒತ್ತಿ ಕೂರಿಸಿ, ಸ್ಲೀವನ್ನು ವೈಸಿನ ದವಡೆಯಲ್ಲಿಟ್ಟು ನಿಧಾನವಾಗಿ ತೂರಿಸಿದೆ. ಅಂಚಿನ ಮುಖಗಳಿಗೂ ಗ್ರೀಸ್ ಬೇಕು. ಕಿರುಗುಟ್ಟುವ ಯುರೆಥೇನಿನ ಬಗ್ಗೆ ದೂರುವವರು ಬಹುಮಟ್ಟಿಗೆ ಇದನ್ನೇ ಮರೆತಿರುತ್ತಾರೆ. ಸಾಮಾನ್ಯ ಚಕ್ರದ ಗ್ರೀಸನ್ನು ರಬ್ಬರ್ ಬುಷ್ಷಿನ ಹತ್ತಿರ ತರಬಾರದು, ಖನಿಜ ತೈಲ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ರಬ್ಬರಿನ ಬುಷ್‌ಗಳನ್ನು ಒತ್ತುವಾಗ ಹೊರಕವಚದ ಅಂಚಿನಷ್ಟೇ ವ್ಯಾಸದ ಸಾಕೆಟ್ಟನ್ನು ಆಧಾರವಾಗಿಟ್ಟೆ. ನಡುವಿನ ಸ್ಲೀವನ್ನು ಒತ್ತಿದರೆ ಅಂಟು ಅಲ್ಲೇ ಬಿಡುತ್ತದೆ. ಪ್ಯಾನ್‌ಹಾರ್ಡ್ ಬೋಲ್ಟ್‌ಗಳನ್ನು ಮೊದಲು ಕೈಬಿಗಿಯಷ್ಟಕ್ಕೇ ಬಿಟ್ಟು, ಗಾಡಿಯನ್ನು ನೆಲಕ್ಕಿಳಿಸಿ, ಮುಂದೆ ಹಿಂದೆ ಉರುಳಿಸಿ, ನಾಲ್ಕು ಮೂಲೆ ಒತ್ತಿ ಬಿಟ್ಟು, ಅದು ತನ್ನ ಎತ್ತರದಲ್ಲಿ ನಿಂತ ಮೇಲೆಯೇ ಕೊನೆಯ ಬಿಗಿತ ಕೊಟ್ಟೆ. ಗಾಡಿ ಎಷ್ಟು ತಗ್ಗಿದೆಯೆಂದರೆ ಕೆಳಗೆ ಕೈ ಹೋಗುವುದೇ ಕಷ್ಟ. ಚಕ್ರಗಳ ಕೆಳಗೆ ದಪ್ಪ ಹಲಗೆ ಕೊಟ್ಟು ಎತ್ತರಿಸಿಕೊಂಡೆ. ಬೋಲ್ಟ್‌ಗಳೆಲ್ಲ ಹೊಸ ಗ್ರೇಡ್ 8, ತಲೆಯ ಮೇಲೆ ಆರು ಗೆರೆ ಇರುವಂಥವು. ನೈಲಾನ್ ಉಂಗುರದ ನಟ್‌ಗಳನ್ನು ಎರಡನೆಯ ಸಲ ಬಳಸಲಿಲ್ಲ.

ಮೊದಲ ಓಟದಲ್ಲೇ ಸ್ಟೀರಿಂಗ್ ಬದಲಾದದ್ದು ತಿಳಿಯಿತು. ಬ್ರೇಕ್ ಒತ್ತಿದರೆ ಗಾಡಿ ಗೆರೆ ಎಳೆದಂತೆ ನೇರ. ಸಂತೋಷದಿಂದ ಬ್ರೇಕ್ ಬಿಟ್ಟು ವೇಗ ಕೊಟ್ಟೆ. ‘ಟಕ್.’

ಅದೇ ಸದ್ದು, ಅದೇ ಜಾಗದಲ್ಲಿ, ಒಂದಿಷ್ಟೂ ಕಡಿಮೆಯಾಗದೆ. ಆ ರಾತ್ರಿ ಪುಸ್ತಕ ಬಿಡಿಸಿ ಕೂತಾಗ ನನ್ನ ದಡ್ಡತನ ನನಗೇ ಕಂಡಿತು. ವೇಗ ಕೊಟ್ಟಾಗ ಎಂಜಿನ್ನಿನ ತಿರುಚು ಹೋಗುವುದು ಹಿಂದಿನ ಆಕ್ಸಲಿಗೆ. ಮುಂದಿನ ಆಕ್ಸಲಿಗೆ ಅದರ ಸುದ್ದಿಯೇ ಇಲ್ಲ. ಹಿಂದಿನ ಕೆಳದಂಡಗಳು ಮಾತ್ರ ವೇಗ ಕೊಟ್ಟಾಗ ಒತ್ತಡಕ್ಕೂ ಬ್ರೇಕ್ ಒತ್ತಿದಾಗ ಎಳೆತಕ್ಕೂ ಸಿಗುತ್ತವೆ, ಅಂದರೆ ಎರಡೂ ಸಲ ಹೊರೆಯ ದಿಕ್ಕು ತಿರುಗುಮುರುಗಾಗುತ್ತದೆ. ಎರಡು ಟಕ್‌ಗಳ ಅರ್ಥ ಅದೇ ಆಗಿತ್ತು. ಸ್ಟೀರಿಂಗಿನ ಅಲೆತ ಒಂದು ರೋಗ, ಸದ್ದು ಇನ್ನೊಂದು ರೋಗ. ಎರಡೂ ಒಟ್ಟಿಗೆ ಬಂದುದರಿಂದ ಒಂದೇ ಎಂದು ಭಾವಿಸಿದ್ದೆ. ಆದರೆ ಪ್ರೈಬಾರಿಗೆ ಹಿಂಭಾಗದಲ್ಲಿ ಏಕೆ ಏನೂ ಸಿಗಲಿಲ್ಲ?

ಉತ್ತರ ಸಿಕ್ಕಿದ್ದು ಬಾರಿನಿಂದಲ್ಲ, ಬಣ್ಣದಿಂದ. ಬಲಗಡೆಯ ಹಿಂದಿನ ಕೆಳದಂಡದ ಚಾಸಿಸ್ ಕಡೆಯ ಬೋಲ್ಟಿನ ವಾಷರ್ ಸುತ್ತ ತೆಳ್ಳನೆಯ ಕೆಂಪು ಪುಡಿ ಅಂಟಿತ್ತು, ಕುಂಕುಮ ಚೆಲ್ಲಿದಂತೆ. ಬೇರೆ ಹದಿನೈದು ದಂಡದ ತುದಿಗಳಲ್ಲಿ ಅದು ಇರಲಿಲ್ಲ. ಉಕ್ಕಿನ ಎರಡು ಮುಖಗಳು ಒತ್ತಿಕೊಂಡೇ ಕೂದಲೆಳೆಯಷ್ಟು ಉಜ್ಜಿದಾಗ ಹುಟ್ಟುವ ತುಕ್ಕಿನ ಪುಡಿ ಅದು. ಬೋಲ್ಟ್ ಬಿಚ್ಚಿ ಅಳೆದರೆ 14 ಮಿ.ಮೀ.! ಸ್ಲೀವಿನ ರಂಧ್ರ 15.875. ಕಟ್ಟುವ ದಿನ 5/8 ಇಂಚಿನ ಬೋಲ್ಟ್ ಒಂದು ಕಡಿಮೆ ಬಿದ್ದಿರಬೇಕು, ಕೈಗೆ ಸಿಕ್ಕಿದ್ದನ್ನು ಹಾಕಿ ಗಟ್ಟಿಯಾಗಿ ಬಿಗಿದಿದ್ದಾರೆ. ಬಿಗಿತದ ಘರ್ಷಣೆಯೇ ಸ್ಲೀವನ್ನು ಹಿಡಿದಿತ್ತು. ನನ್ನ ತೋಳಿನ ಬಲಕ್ಕೆ ಅದು ಮಣಿಯುವುದಿಲ್ಲ, ಎಂಜಿನ್ನಿನ ಬಲಕ್ಕೆ ಮಣಿಯುತ್ತದೆ. ಮಣಿದಾಗಲೆಲ್ಲ ಸುಮಾರು 2 ಮಿ.ಮೀ. ಜಾರಿ ಒಂದು ಟಕ್. ಬುಷ್ ಮಾತ್ರ ಹೊಸದರಂತೆ ದುಂಡಗಿತ್ತು. ಪಕ್ಕದ ದಂಡಗಳ ಬುಷ್‌ಗಳೆಲ್ಲ ಅಷ್ಟಿಷ್ಟು ಸವೆದಿರುವಾಗ ಇದೊಂದು ಏಕೆ ಸವೆಯಲಿಲ್ಲ ಎಂದು ಕೇಳುವುದಕ್ಕೆ, ಹಿಂದಿನ ಬುಷ್‌ಗಳನ್ನು ಮೊದಲೇ ಕಿತ್ತು ಆ ಬಿಳಿ ಬಟ್ಟೆಯ ಮೇಲೆ ಇಟ್ಟಿರಬೇಕಿತ್ತು. ಆಟವೆಲ್ಲ ಬೋಲ್ಟಿನಲ್ಲೇ ಮುಗಿಯುತ್ತಿದ್ದರೆ ಬುಷ್ಷಿಗೆ ಕೆಲಸವೆಲ್ಲಿ?

ಬ್ರಾಕೆಟ್ಟಿನ ರಂಧ್ರಗಳೂ ಅಷ್ಟರಲ್ಲಿ ಉದ್ದವಾಗಿದ್ದವು. ದೊಡ್ಡದಾಗಿ ಕೊರೆದು ದೊಡ್ಡ ಬೋಲ್ಟ್ ಹಾಕಿದರೆ ಅಂಚಿನಲ್ಲಿ ಉಳಿಯುವ ಲೋಹ ಸಾಲದು. 5/8 ಇಂಚಿಗೆ ಸರಿಯಾಗಿ ಕೊರೆದ ದಪ್ಪ ಉಕ್ಕಿನ ಬಿಲ್ಲೆಗಳನ್ನು ಕಿವಿಗಳ ಹೊರಮೈಗೆ ಇಟ್ಟು, ಒಂದು ಹಳೆಯ ಬೋಲ್ಟನ್ನು ತೂರಿಸಿ ಎರಡೂ ಕಡೆ ನೇರ ಮಾಡಿಕೊಂಡು, ಬ್ಯಾಟರಿಯ ತಂತಿ ಕಳಚಿ, ದಂಡವನ್ನೂ ಬುಷ್ಷನ್ನೂ ದೂರ ಇಟ್ಟು ಬೆಸುಗೆ ಹಾಕಿಸಿದೆ. ಯುರೆಥೇನನ್ನು ಕಣ್ಣಿನಲ್ಲೇ ಬಿಟ್ಟು ಪಕ್ಕದಲ್ಲಿ ಬೆಸುಗೆ ಹಾಕಿದರೆ ಅದು ಕರಗಿ ಸ್ಲೀವಿಗೆ ಅಂಟುತ್ತದೆ. ಹೇಗೂ ಕೈ ಹಾಕಿದ್ದಾಯಿತು ಎಂದು ಹಿಂದಿನ ಎಂಟೂ ಬುಷ್ ಬದಲಾಯಿಸಿ, ಪ್ರತಿ ಬೋಲ್ಟನ್ನೂ ವರ್ನಿಯರಿಗೆ ಕೊಟ್ಟು ನೋಡಿದೆ. ಉಳಿದವೆಲ್ಲ ಸರಿ ಇದ್ದವು.

ಕೊನೆಗೆ ಅಲೈನ್‌ಮೆಂಟ್. ಬುಷ್‌ಗಳ ಆಟ ಹೋದ ಮೇಲೆ ಹಳೆಯ ಹೊಂದಾಣಿಕೆಗಳೆಲ್ಲ ಸುಳ್ಳು, ಏಕೆಂದರೆ ಅವನ್ನು ಸವೆದ ಬುಷ್‌ಗಳ ಮೇಲೆ ಮಾಡಿರುತ್ತಾರೆ. ಕ್ಯಾಸ್ಟರನ್ನು ಎರಡೂ ಕಡೆ 6 ಡಿಗ್ರಿಗೆ ತಂದು, ರೇಡಿಯಲ್ ಟೈರಿಗೆ ತಕ್ಕಂತೆ ಟೋ-ಇನ್, ಅಂದರೆ ಮುಂದಿನ ಚಕ್ರಗಳ ಮೂಗು ಒಳಕ್ಕೆ ವಾಲುವ ಅಳತೆ, 1/16 ಇಂಚಿಗೆ ಇಟ್ಟೆ. ದಂಡದ ಉದ್ದ ಹೊಂದಿಸುವಾಗ ತುದಿಯ ತಿರುಪಿನ ಮರೆ ಒಳಗೆ ಎಷ್ಟು ಉಳಿದಿದೆ ಎಂದು ನೋಡಲೇಬೇಕು. ಬೋಲ್ಟಿನ ವ್ಯಾಸದ ಒಂದೂವರೆ ಪಟ್ಟಾದರೂ ಒಳಗಿರಲಿ ಎಂಬುದು ನಾನು ಇಟ್ಟುಕೊಂಡ ಲೆಕ್ಕ. ಹೊಂದಿಸಿದ ದಂಡದ ಕಣ್ಣಿಗೆ ಬೋಲ್ಟ್ ಬೆರಳಿನ ಬಲದಲ್ಲೇ ಇಳಿಯಬೇಕು, ಸುತ್ತಿಗೆ ಬೇಕಾದರೆ ಉದ್ದ ತಪ್ಪಿದೆ. ಮುಂದಿನ ಪ್ಯಾನ್‌ಹಾರ್ಡ್ ದಂಡ ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಒಯ್ಯುವ ಡ್ರ್ಯಾಗ್ ಲಿಂಕಿಗೆ ಸಮಾನಾಂತರವಾಗಿ, ಸಾಧ್ಯವಾದಷ್ಟೂ ಅದರದೇ ಉದ್ದದಲ್ಲಿರಬೇಕು. ಇಲ್ಲದಿದ್ದರೆ ದಿಬ್ಬ ಹತ್ತಿದಾಗ ಎರಡೂ ಬೇರೆ ಬೇರೆ ಕಮಾನಿನಲ್ಲಿ ಸಾಗಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಚಕ್ರ ತಾನಾಗಿ ತಿರುಗುತ್ತದೆ.

ಪ್ರತಿ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಹಳದಿ ಬಣ್ಣದಲ್ಲಿ ಒಂದೊಂದು ಗೆರೆ ಎಳೆದಿದ್ದೆ. 300 ಕಿ.ಮೀ. ಓಡಿಸಿ ಮತ್ತೆ ಕೆಳಗೆ ಮಲಗಿ ನೋಡಿದಾಗ ಹತ್ತೊಂಬತ್ತು ಗೆರೆಗಳು ನೇರವಾಗಿದ್ದವು. ಬೆಸುಗೆ ಹಾಕಿಸಿದ ಬ್ರಾಕೆಟ್ಟಿನದು ಮಾತ್ರ ಒಂದು ಎಳೆಯಷ್ಟು ಸರಿದಿತ್ತು; ಹೊಸ ಬಿಲ್ಲೆಗಳ ಬಣ್ಣ ಒತ್ತಿಕೊಂಡು ತೆಳುವಾಗಿರಬೇಕು. ಬಣ್ಣ ಕೆರೆದು, ಗಾಡಿ ನಿಂತ ಎತ್ತರದಲ್ಲೇ ಮತ್ತೆ ಬಿಗಿದು, ಹಳೆಯ ಗೆರೆ ಅಳಿಸಿ ಹೊಸದು ಎಳೆದಿದ್ದೇನೆ. ಕೆಂಪು ಪುಡಿ ಎಲ್ಲೂ ಇಲ್ಲ.